ನಿಮ್ಮೂರಲ್ಲಿ ಮನೆ ರೇಟು ಏರ್ತಿದೆಯಾ, ಇಳೀತಿದೆಯಾ? ಭದ್ರಾವತಿ ಮನೆ ಮಾರುವ ಮುಂಚೆ ಕೇಳ್ತಿದ್ದೇನೆ

ಹೊಸಮನೆಯವ (ಊರು ಭದ್ರಾವತಿ, ಇರೋದು ಕೆಂಗೇರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಅಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಕ್ವಾರ್ಟರ್ಸ್ ಸಾಕು, ಸ್ವಂತದ್ದು ಒಂದು ಬೇಕು ಅಂತ 1994 ರಲ್ಲಿ 30-50 ಸೈಟಿನಲ್ಲಿ ಮನೆ ಕಟ್ಟಿದರು. ಪಿಎಫ್ ಸಾಲ, ಸೊಸೈಟಿ ಸಾಲ, ಅಮ್ಮನ ಎರಡು ಬಳೆ, ಎಲ್ಲ ಸೇರಿ ಎದ್ದ ಮನೆ. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಯಿತು. ಅಮ್ಮ ಈಗ ನಮ್ಮ ಜೊತೆ ಇದ್ದಾರೆ. ಮನೆಗೆ ಬೀಗ.

2016 ರಲ್ಲಿ ಒಬ್ಬರು 38 ಲಕ್ಷಕ್ಕೆ ಕೇಳಿದ್ದರು. ಅಪ್ಪ ಕಾಫಿ ಕೊಟ್ಟು, ಬೈದು ಕಳಿಸಿದರು. ಈಗ ಬ್ರೋಕರ್ 45 ಇಟ್ಟುಕೊಳ್ಳಿ ಅಂದರು. ಇಟ್ಟುಕೊಂಡು 14 ತಿಂಗಳಾಯಿತು. ನೋಡಲು ಬಂದವರು ಮೂರು ಜನ. ಅದರಲ್ಲಿ ಒಬ್ಬರು ನಮ್ಮ ಪಕ್ಕದ ಮನೆ ನೋಡಲು ಬಂದು ದಾರಿ ತಪ್ಪಿದವರು.

ಇತ್ತ ಕೆಂಗೇರಿಯಲ್ಲಿ 2021 ರಲ್ಲಿ ನಾವು ನೋಡಿ ಬಿಟ್ಟಿದ್ದ ಎರಡು ಬೆಡ್‌ರೂಮಿನ ಫ್ಲಾಟ್ 54 ಲಕ್ಷ ಇತ್ತು. ಅದೇ ಕಟ್ಟಡದಲ್ಲಿ, ಎರಡು ಮಹಡಿ ಕೆಳಗೆ, ಅಷ್ಟೇ ಅಳತೆಯದಕ್ಕೆ ಈಗ 82 ಕೇಳುತ್ತಿದ್ದಾರೆ.

ಅಣ್ಣ ಹೇಳೋದು, "ಊರಿನದ್ದು ಈಗಲೇ ಕೊಟ್ಟುಬಿಡು, ಇನ್ನೂ ಇಳಿಯುತ್ತೆ." ಭಾವ ಹೇಳೋದು, "ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ಇಳೀತಿದೆ, ಏರುತ್ತೆ, ತಡಿ." ಸೋಗಾನೆಗೆ ವಿಮಾನ ಬಂದಿದ್ದು 2023 ರಲ್ಲಿ. ನಮ್ಮ ಮನೆ ಕೇಳಿಕೊಂಡು ಅದರಲ್ಲಿ ಯಾರೂ ಇಳಿದಿಲ್ಲ.

ಪೇಪರಿನಲ್ಲಿ ಬರೋದು ಬೇಡ. ನಿಮ್ಮ ಬೀದಿಯಲ್ಲಿ ಏನು ನಡೀತಿದೆ, ಅದನ್ನು ಹೇಳಿ.

---

ಗುರು_ರಾಜಾಜಿನಗರ

ರೇಟು ಯಾವತ್ತೂ ಇಳಿಯಲ್ಲ ಸಾರ್. ಜನ ಹುಟ್ತಾರೆ, ಭೂಮಿ ಹುಟ್ಟಲ್ಲ. ಸುಮ್ನೆ ಹಿಡ್ಕೊಂಡಿರಿ.

---

ರಿಟೈರ್ಡ್ ಮೇಷ್ಟ್ರು (ಮೈಸೂರು)

ಮೈಸೂರಿನಲ್ಲಿ ಏರಿದೆ. ಅದರಲ್ಲಿ ಅನುಮಾನ ಇಲ್ಲ. 2023 ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆದ ಮೇಲೆ ಬೆಂಗಳೂರಿನವರು ಶನಿವಾರ ಬೆಳಿಗ್ಗೆ ತಿಂಡಿಗೆ ಬರುತ್ತಾರೆ, ಸಂಜೆಗೆ ಸೈಟಿಗೆ ಟೋಕನ್ ಕೊಟ್ಟು ಹೋಗುತ್ತಾರೆ.

ಆದರೆ ಏರಿದ್ದು ಏನು ಅಂತ ನೋಡಿ. ಹೋದ ವರ್ಷ ನಮ್ಮ ಎದುರು ಮನೆ ಮಾರಾಟ ಆಯಿತು. 16 ಚದರದ ಮನೆ, ತೇಗದ ಬಾಗಿಲು, ಕಡಪ ಕಲ್ಲಿನ ಅಡುಗೆ ಕಟ್ಟೆ. ನಮ್ಮ ಸ್ನೇಹಿತರು ಕಟ್ಟಿಸುವಾಗ ದಿನಾ ಸೈಕಲ್ ಮೇಲೆ ಬಂದು ಗೋಡೆಗೆ ನೀರು ಹಾಕುತ್ತಿದ್ದರು. ಬ್ರೋಕರ್ ಬಂದು ಟೇಪು ಹಿಡಿದಿದ್ದು ಹೊರಗೆ ಮಾತ್ರ. ಒಳಗೆ ಕಾಲೇ ಇಡಲಿಲ್ಲ. "ಮನೆಗೆ ಏನೂ ಹಾಕಿಲ್ಲ ಸರ್, ಸೈಟಿಗೆ ಮಾತ್ರ ರೇಟು. ಕೆಡವೋ ಖರ್ಚು ಪಾರ್ಟಿಯವರೇ ನೋಡ್ಕೊಳ್ತಾರೆ" ಅಂದ, ಉಪಕಾರ ಮಾಡಿದವನ ಹಾಗೆ.

ಜೆಸಿಬಿಗೆ ಒಂದೂವರೆ ದಿನ ಸಾಕಾಯಿತು. ಬಾಗಿಲುಗಳು ಹಳೇ ಮರದ ಅಂಗಡಿಗೆ ಹೋದವು.

ಹಾಗಾಗಿ ಮನೆ ರೇಟು ಏರ್ತಿದೆಯಾ ಅಂದರೆ, ಮನೆಯದ್ದು ಇಳಿಯಿತು, ನೆಲದ್ದು ಏರಿತು. ಎರಡೂ ಒಂದೇ ವಿಳಾಸದಲ್ಲಿ.

---

ಪ್ಲಾಟ್ ನಂಬರ್ 14 (ಹುಬ್ಬಳ್ಳಿ)

ಮೇಷ್ಟ್ರ ಮಾತು ಖರೇನೆ. ನಮ್ಮ ಕಡೆ ಮನೆಗಿಂತ ಪ್ಲಾಟಿಗೆ ಗಿರಾಕಿ ಜಾಸ್ತಿ ರೀ. ಪ್ಲಾಟು ಅಂದರೆ ನಿಮ್ಮ ಭಾಷೆಯಲ್ಲಿ ಸೈಟು.

ಹುಬ್ಬಳ್ಳಿ-ಧಾರವಾಡ ನಡುವೆ ನವನಗರದ ಆಸುಪಾಸು ಭಾಳ ಏರಿದೆ. ಧಾರವಾಡದಲ್ಲಿ ಹೈಕೋರ್ಟ್ ಪೀಠ ಬಂತು, ಐಐಟಿ ಬಂತು, ನಡುವೆ ತನ್ನದೇ ದಾರಿಯ ಚಿಗರಿ ಬಸ್ಸು ಬಂತು. ಗದಗ, ಹಾವೇರಿ ಕಡೆಯವರು ಮಕ್ಕಳ ಓದಿಗೆ ಅಂತ ಇಲ್ಲಿ ಮನೆ ಮಾಡುತ್ತಾರೆ. ಅದೇ ಹಳೇ ಹುಬ್ಬಳ್ಳಿಯ ಓಣಿಯೊಳಗೆ, ಕಾರು ಹೋಗದ ಜಾಗದಲ್ಲಿ ಮನೆ ಇದ್ದರೆ ಕೇಳೋರಿಲ್ಲ. ಎರಡರ ನಡುವೆ ಹತ್ತು ಕಿಲೋಮೀಟರ್ ಸಹ ಇಲ್ಲ. ಹಾಗಿದ್ದ ಮೇಲೆ 'ಹುಬ್ಬಳ್ಳಿ ರೇಟು' ಅಂತ ಒಂದು ಎಲ್ಲಿಂದ ತರೋದು?

ಇನ್ನೊಂದು. ಕೂಗಿದ ರೇಟು ಬೇರೆ, ಕುದುರಿದ ರೇಟು ಬೇರೆ. ಎಲ್ಲರೂ ಕೂಗಿದ ರೇಟನ್ನೇ ಹೇಳುತ್ತಾ ಓಡಾಡುತ್ತಾರೆ. ನೀವು ಬರೆದ 82 ಕೂಗಿದ್ದೋ, ಕುದುರಿದ್ದೋ?

---

ಹೊಸಮನೆಯವ

ಕೂಗಿದ್ದು. ಕುದುರಿದ್ದು ಎಷ್ಟು ಅಂತ ಯಾರೂ ಬಾಯಿ ಬಿಡಲ್ಲ.

---

ಲೆಕ್ಕದ ಪುಸ್ತಕ (ಬೆಂಗಳೂರು)

ಗುರು ಅವರಿಗೆ. "ಯಾವತ್ತೂ ಇಳಿಯಲ್ಲ" ಅಂದಿರಲ್ಲ, ನನ್ನ ಕಥೆ ಕೇಳಿ.

2013 ರಲ್ಲಿ ಕನಕಪುರ ರಸ್ತೆಯಲ್ಲಿ ಫ್ಲಾಟ್ ತಗೊಂಡೆ, 52 ಲಕ್ಷ. ಎರಡು ವರ್ಷದಲ್ಲಿ ಕೀ ಕೊಡುತ್ತೇವೆ ಅಂದರು, ಕೊಟ್ಟಿದ್ದು 2017 ರಲ್ಲಿ. ಬಿಲ್ಡರ್ ಹೆಸರು ಇಲ್ಲಿ ಬೇಡ. ಅಷ್ಟರಲ್ಲಿ 2016 ರ ನವೆಂಬರ್‌ನಲ್ಲಿ ನೋಟು ರದ್ದಾಯಿತು, ಮುಂದಿನ ವರ್ಷ ಬಿಲ್ಡರ್‌ಗಳಿಗೆ ಲಗಾಮು ಹಾಕುವ ಕಾನೂನು ರೇರಾ, ಜಿಎಸ್‌ಟಿ. ಮಾರುಕಟ್ಟೆ ಮಲಗಿಬಿಟ್ಟಿತು. 2020 ರಲ್ಲಿ ಕೆಲಸದ ಗತಿ ಗೊತ್ತಿರಲಿಲ್ಲ, ಭಯಕ್ಕೆ 56 ಕ್ಕೆ ಕೊಟ್ಟೆ.

ನೋಡುವವರಿಗೆ 4 ಲಕ್ಷ ಲಾಭ. ಅದೇ 52 ಲಕ್ಷ ಶೇ 8 ರ ಎಫ್‌ಡಿಯಲ್ಲಿ 7 ವರ್ಷ ಇಟ್ಟಿದ್ದರೆ 89 ಲಕ್ಷ ಆಗುತ್ತಿತ್ತು. ಬಾಡಿಗೆ ಉಳೀತು ಅಂತ ಒಂದಿಷ್ಟು ಕಳೆಯಿರಿ, ತೆರಿಗೆಗೆ ಒಂದಿಷ್ಟು ಕಳೆಯಿರಿ. ಆದರೂ ನಾನು ಕಳೆದುಕೊಂಡವನೇ. ರೇಟು ಇಳಿಯಲಿಲ್ಲ. ನಿಂತಲ್ಲೇ ನಿಂತಿತ್ತು, ಉಳಿದಿದ್ದೆಲ್ಲ ಮುಂದೆ ಹೋಯಿತು.

ಹೊಸಮನೆಯವರೇ, ನಿಮ್ಮ 38 ಲಕ್ಷಕ್ಕೂ ಇದೇ ಲೆಕ್ಕ ಹಾಕಿ. ವರ್ಷಕ್ಕೆ ಶೇ 5 ರ ಹಾಗೆ ಬೆಲೆ ಏರಿಕೆ ಹಿಡಿದರೂ 2016 ರ 38 ಲಕ್ಷ ಈಗ 60 ರ ಆಸುಪಾಸಿಗೆ ಸಮ. ನೀವು 45 ಕೇಳುತ್ತಿದ್ದೀರಿ, ಅದೂ ಬರುತ್ತಿಲ್ಲ. ನಿಮ್ಮ ಮನೆ ರೇಟು ಆಗಲೇ ಇಳಿದಾಗಿದೆ. ಬೋರ್ಡಿನ ಮೇಲೆ ಮಾತ್ರ ಏರಿದೆ.

---

ಗುರು_ರಾಜಾಜಿನಗರ

ನೀವು 2020 ರಲ್ಲಿ ಮಾರಿದ್ದೇ ತಪ್ಪು ಸಾರ್. ಅದೇ ಫ್ಲಾಟ್ ಈಗ ಕೋಟಿ ದಾಟಿರುತ್ತೆ.

---

ಲೆಕ್ಕದ ಪುಸ್ತಕ

ಗೊತ್ತು. ಮನೆಯಲ್ಲಿ ದಿನಾ ಹೇಳುತ್ತಾರೆ.

---

ಕದ್ರಿ ಗುಡ್ಡೆ (ಮಂಗಳೂರು)

ನಮ್ಮಲ್ಲಿ ವಿಚಿತ್ರ ಉಂಟು ಮಾರಾಯ್ರೆ. ಕಟ್ಟುವುದು ನಿಲ್ಲಲಿಲ್ಲ, ಇರುವವರು ಇಲ್ಲ.

ನಾನು ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ನಡೆದು ಬರುವ ದಾರಿಯಲ್ಲಿ ಒಂದು ದೊಡ್ಡ ಅಪಾರ್ಟ್‌ಮೆಂಟ್ ಉಂಟು, 64 ಮನೆ. ಮೊನ್ನೆ ಈ ಚರ್ಚೆ ಓದಿ ನಿಂತು ದೀಪ ಎಣಿಸಿದೆ. 23. ವಾಚ್‌ಮ್ಯಾನ್ ಬಂದು ಯಾರು ಬೇಕು ಕೇಳಿದ. ಉಳಿದವರೆಲ್ಲ ಎಲ್ಲಿ ಅಂತ ಕೇಳಿದ್ದಕ್ಕೆ ದುಬೈ, ಕುವೈತ್, ಮಸ್ಕತ್, ಮುಂಬೈ ಅಂತ ಬಸ್ ಕಂಡಕ್ಟರ್ ಹಾಗೆ ಒದರಿದ. ವರ್ಷಕ್ಕೆ ಒಮ್ಮೆ ಮೇ ತಿಂಗಳಲ್ಲಿ ಬರುತ್ತಾರೆ, ಎಸಿ ಸರ್ವಿಸ್ ಮಾಡಿಸುತ್ತಾರೆ, ಎರಡು ಮದುವೆ ಮುಗಿಸಿ ಹೋಗುತ್ತಾರೆ.

ಇವರು ಯಾರೂ ಮಾರುವುದಿಲ್ಲ, ಅವಸರ ಇಲ್ಲ. ಹಾಗಾಗಿ ರೇಟು ಇಳಿಯುವುದಿಲ್ಲ. ಹೊಸದಾಗಿ ಕಟ್ಟಿದವನು ಅದೇ ರೇಟು ನೋಡಿ ಇನ್ನೂ ಮೇಲೆ ಇಡುತ್ತಾನೆ. ಇಲ್ಲೇ ದುಡಿಯುವ ನಮ್ಮಂಥವರು ಸುರತ್ಕಲ್, ಬಿ.ಸಿ.ರೋಡ್ ಅಂತ ಹೊರಗೆ ಹೊರಗೆ ಹೋಗುವುದು.

ಜಾಗ ಮಾತ್ರ ಸೆಂಟ್ಸ್ ಲೆಕ್ಕದಲ್ಲಿ ಏರುತ್ತಲೇ ಉಂಟು. ಹಂಚಿನ ಮನೆ ಇದ್ದರೆ ಜನ ಮಾಡು ನೋಡುವುದಿಲ್ಲ, ಎಷ್ಟು ಸೆಂಟ್ಸ್ ಅಂತ ಮಾತ್ರ ಕೇಳುತ್ತಾರೆ. ಮೈಸೂರಿನ ಮೇಷ್ಟ್ರು ಹೇಳಿದ ಹಾಗೇ.

ಮತ್ತೆ, ಮಳೆಗಾಲದಲ್ಲಿ ಮನೆ ಮಾರಲು ಹೊರಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೋಡಲು ಬಂದವರು ಮೊದಲು ತಲೆ ಎತ್ತಿ ಸೀಲಿಂಗ್ ನೋಡುತ್ತಾರೆ.

---

ಗಣಿಧೂಳು (ಹೊಸಪೇಟೆ)

"ಇಳಿಯಲ್ಲ" ಅನ್ನೋರು 2011 ರಲ್ಲಿ ನಮ್ಮ ಕಡೆ ಬರಬೇಕಿತ್ತು.

ಅದಿರಿನ ಕಾಲದಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆಯಲ್ಲಿ ಬಾಡಿಗೆ ಮನೆ ಸಿಗುತ್ತಿರಲಿಲ್ಲ. ಲಾರಿ ಓನರುಗಳು ಕೇಳಿದ ರೇಟಿಗೆ ಮನೆ ತಗೊಳ್ಳುತ್ತಿದ್ದರು, ಚೌಕಾಸಿ ಮಾಡಿದರೆ ಅವಮಾನ. 2011 ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು. ದೀಪಾವಳಿ ಹೊತ್ತಿಗೆ ನಮ್ಮ ಬೀದಿಯಲ್ಲಿ ಐದು ಮನೆಗೆ 'ಬಾಡಿಗೆಗೆ ಇದೆ' ಬೋರ್ಡು. ಕಂತು ಕಟ್ಟಲಾಗದೆ ಲಾರಿಗಳು ಫೈನಾನ್ಸಿನವರ ಪಾಲಾದವು, ಹಿಂದೆಯೇ ಮನೆ. ನಮ್ಮ ಚಿಕ್ಕಪ್ಪ ಆಗ ತಗೊಂಡವರು. ಮಾರಿದವನು ಕೇಳಿದ್ದರಲ್ಲಿ ಮೂರನೇ ಒಂದು ಭಾಗ ಕಡಿಮೆಗೆ ಬಂತು.

ಅಂದರೆ ಇಳಿಯುತ್ತೆ. ಮಾರುವವನಿಗೆ ಸಾಲ ಇರಬೇಕು, ಅವಸರ ಇರಬೇಕು, ಊರಿನ ದುಡಿಮೆ ಒಂದೇ ದಿನ ನಿಲ್ಲಬೇಕು. ಈ ಮೂರೂ ಸೇರಿದರೆ ಯಾವ ಊರಾದರೂ ಇಳಿಯುತ್ತೆ.

---

ಹೊಸಮನೆಯವ

ಗಣಿಧೂಳು ಅವರೇ, ನಮ್ಮೂರಲ್ಲಿ ಒಂದೇ ದಿನ ನಿಲ್ಲಲಿಲ್ಲ. ಅದೇ ವ್ಯತ್ಯಾಸ ಇರಬೇಕು. ಪೇಪರ್ ಮಿಲ್ 2015 ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆ ಮುಚ್ಚುತ್ತೇವೆ ಅಂತ ಅದರ ಒಡೆಯ, ಸರ್ಕಾರಿ ಉಕ್ಕು ಕಂಪನಿ ಸೈಲ್ ತೀರ್ಮಾನ ಮಾಡಿದ್ದು 2023 ರ ಜನವರಿಯಲ್ಲಿ. ಆಮೇಲೆ ಮತ್ತೆ ಉಳಿಸುವ ಮಾತು. ಒಬ್ಬ ಮಂತ್ರಿ ಬಂದು ಹೋದರೆ ನಮ್ಮ ಬ್ರೋಕರ್ ಎರಡು ಲಕ್ಷ ಏರಿಸುತ್ತಾನೆ. ಇಳಿಸಿದ್ದು ಮಾತ್ರ ನಾನು ನೋಡಿಲ್ಲ.

---

ಅಡಿಕೆ ಸುಲಿಯುವವ (ಸಾಗರ)

ಶಿವಮೊಗ್ಗ ಕಡೆ ಸೈಟು ಯಾವಾಗ ಏರುತ್ತೆ ಅಂತ ತಿಳಿಯೋಕೆ ವಿಮಾನ ನೋಡಬೇಡಿ, ಅಡಿಕೆ ಮಂಡಿ ನೋಡಿ. ರಾಶಿ ಅಂತ ಕರೆಯೋ ಕೆಂಪಡಿಕೆಗೆ ಕ್ವಿಂಟಾಲಿಗೆ 50 ಸಾವಿರ ದಾಟಿದ ವರ್ಷ ನಮ್ಮ ಕಡೆಯವರೆಲ್ಲ ಶಿವಮೊಗ್ಗದಲ್ಲಿ ಒಂದು ಸೈಟು ಅಂತ ಹೊರಟರು. ಎಲೆಚುಕ್ಕಿ ರೋಗ ಬಂದ ತೋಟದವರು ಆ ಸೈಟನ್ನೇ ಮಾರಲು ಹೊರಟರು. ಹಾಸನದಲ್ಲಿ ನನ್ನ ಭಾವ ಇದ್ದಾನೆ, ಅಲ್ಲಿ ಕಾಫಿ ರೇಟು ನೋಡಿ ಸೈಟಿನ ರೇಟು ಹೇಳುತ್ತಾರಂತೆ.

ಭದ್ರಾವತಿಗೂ ಚನ್ನಗಿರಿ ಕಡೆಯ ಅಡಿಕೆ ದುಡ್ಡು ಬರುತ್ತೆ. ಆದರೆ ಅವರಿಗೆ ಬೇಕಾದ್ದು ಮುಖ್ಯ ರಸ್ತೆ ಸೈಟು, ಕೆಳಗೆ ಮಳಿಗೆ ಕಟ್ಟೋಕೆ. ಒಳಗಿನ ಬೀದಿಯ ಹಳೇ ಮನೆ ಅಲ್ಲ.

---

ಬಿಸಿಲೂರಿನವಳು (ಆಸ್ಟಿನ್, ಟೆಕ್ಸಾಸ್)

ಅಮೆರಿಕದಿಂದ ಉಪದೇಶ ಅಂದುಕೊಳ್ಳಬೇಡಿ. ನಾವು ಇಲ್ಲಿ ಇಳಿಕೆಯ ಮಧ್ಯದಲ್ಲೇ ಕೂತಿದ್ದೇವೆ, ಅದಕ್ಕೆ ಬರೀತಿದ್ದೇನೆ.

2022 ರ ಬೇಸಿಗೆಯಲ್ಲಿ ನಾವು ಮನೆ ಕೊಂಡೆವು. ಆಗ ಒಂದು ಮನೆಗೆ ಹತ್ತು ಜನ ಸಾಲು ನಿಂತು, ಕೇಳಿದ್ದಕ್ಕಿಂತ ಮೇಲೆ ಕೊಡುತ್ತಿದ್ದರು. ನಾವೂ ಕೊಟ್ಟೆವು. ಆಮೇಲೆ ಆಸ್ಟಿನ್ ಇಳಿಯುತ್ತಲೇ ಬಂದಿದೆ. ಆದರೆ ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿ ಮನೆ ಹುಡುಕುತ್ತಿದ್ದಾಳೆ, ಅಲ್ಲಿ ಇವತ್ತಿಗೂ ಕೇಳಿದ್ದಕ್ಕಿಂತ ಮೇಲೆ ಕೊಡಬೇಕು. ಒಂದೇ ದೇಶ, ಒಂದೇ ಬಡ್ಡಿ. ಇಲ್ಲಿ ಖಾಲಿ ನೆಲ ಜಾಸ್ತಿ, ಬಿಲ್ಡರ್‌ಗಳು ಕಟ್ಟುತ್ತಲೇ ಹೋದರು. ಅಲ್ಲಿ ಕಟ್ಟಲು ಜಾಗ ಇಲ್ಲ.

ಬಡ್ಡಿ ಕಥೆಯೂ ಬೇರೆ. ಇಲ್ಲಿ 30 ವರ್ಷಕ್ಕೆ ಒಂದೇ ಬಡ್ಡಿ. 2021 ರಲ್ಲಿ ಶೇ 3 ಕ್ಕಿಂತ ಕಡಿಮೆಗೆ ಸಿಕ್ಕವರು ಇದ್ದಾರೆ. 2023 ರ ಅಕ್ಟೋಬರ್‌ನಲ್ಲಿ ಅದು ಶೇ 8 ರ ಹತ್ತಿರ ಹೋಗಿತ್ತು. ಹಳೇ ಬಡ್ಡಿಯವರು ಮನೆ ಮಾರಿ ಹೊಸ ಬಡ್ಡಿಗೆ ಯಾಕೆ ಸಿಕ್ಕಿಹಾಕಿಕೊಳ್ಳುತ್ತಾರೆ? ಕದಲುವುದಿಲ್ಲ.

ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ಬೇರೆ. ಕದ್ರಿ ಗುಡ್ಡೆಯವರ ದೀಪದ ಲೆಕ್ಕ ಓದಿದೆ. ಇಲ್ಲಿ ಮನೆ ಖಾಲಿ ಇಟ್ಟುಕೊಳ್ಳೋದು ತುಂಬಾ ದುಬಾರಿ. ನಮ್ಮ ಭಾಗದಲ್ಲಿ ಮನೆಯ ಬೆಲೆಯ ಶೇ 2 ರ ಆಸುಪಾಸು ಪ್ರತಿ ವರ್ಷ ತೆರಿಗೆ. 4.5 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 9 ಸಾವಿರ ಡಾಲರ್ ಹತ್ತಿರ. ಮೇಲೆ ವಿಮೆ, ಬಡಾವಣೆಯ ಸಂಘಕ್ಕೆ ಚಂದಾ. ಹುಲ್ಲು ಬೆಳೆದರೆ ಸಂಘದಿಂದ ನೋಟಿಸ್. ಮಾರಾಟ ಆಗದಿದ್ದರೆ ಮೂರನೇ ತಿಂಗಳಿಗೆ ಬೆವರು ಬರುತ್ತೆ, ರೇಟು ಇಳಿಸಲೇಬೇಕು. ಇಳಿಸಿದ್ದೂ ತಾರೀಖಿನ ಸಮೇತ ಆ್ಯಪಿನಲ್ಲಿ ಎಲ್ಲರಿಗೂ ಕಾಣುತ್ತೆ. ಕೊನೆಗೆ ಎಷ್ಟಕ್ಕೆ ಮಾರಾಟ ಆಯಿತು ಅಂತ ಬಹಿರಂಗ ಮಾಡಲೇಬೇಕು ಅನ್ನುವ ಕಾನೂನು ಟೆಕ್ಸಾಸ್‌ನಲ್ಲಿ ಇಲ್ಲ, ಅದು ಬೇರೆ ಮಾತು. ನಮ್ಮೂರಲ್ಲಿ ಬೀಗ ಹಾಕಿ ಹೋದರೆ ಆಯಿತು. ವರ್ಷದ ಕಂದಾಯ ಒಂದು ತಿಂಗಳ ಹಾಲಿನ ದುಡ್ಡಿನಷ್ಟು. ಹಾಗಾಗಿ ಯಾರೂ ಇಳಿಸಲ್ಲ, ಕಾಯುತ್ತಾರೆ. ಇಲ್ಲಿ ಇಳಿಕೆ ಡಾಲರಿನಲ್ಲಿ ಕಾಣುತ್ತೆ, ಅಲ್ಲಿ ತಿಂಗಳುಗಳಲ್ಲಿ.

---

ಪ್ಲಾಟ್ ನಂಬರ್ 14

ಅಕ್ಕ ಸರಿಯಾಗಿ ಹಿಡಿದರು. ನಮ್ಮ ಓಣಿಯಲ್ಲಿ ಆರು ವರ್ಷದಿಂದ ಮಾರಾಟಕ್ಕಿರೋ ಮನೆ ಒಂದಿದೆ. ಬೋರ್ಡಿನ ಕೆಂಪು ಬಣ್ಣ ಬಿಸಿಲಿಗೆ ಬೆಳ್ಳಗಾಗಿ ಫೋನ್ ನಂಬರಿನ ಕೊನೇ ಎರಡು ಅಂಕಿ ಹೋಗಿವೆ. ಮಾಲೀಕರನ್ನು ಕೇಳಿದರೆ ಇವತ್ತಿಗೂ "ರೇಟು ಏರ್ತಿದೆ, ಅವಸರ ಇಲ್ಲ" ಅಂತಾರೆ.

---

ಗುರು_ರಾಜಾಜಿನಗರ

ಎಲ್ಲರೂ ಕಥೆ ಹೇಳ್ತೀರಿ. ರಿಸರ್ವ್ ಬ್ಯಾಂಕ್ ಮನೆ ಬೆಲೆ ಸೂಚ್ಯಂಕ ತೆಗೆದು ನೋಡಿ, ಬೆಂಗಳೂರು ಏರುತ್ತಲೇ ಇದೆ. ಅದಕ್ಕಿಂತ ಸಾಕ್ಷಿ ಬೇಕಾ?

---

ಲೆಕ್ಕದ ಪುಸ್ತಕ

ನೋಡೋಣ. ಆ ಸೂಚ್ಯಂಕ ಲೆಕ್ಕ ಹಾಕೋದು ನೋಂದಣಿ ಆದ ಬೆಲೆ ಇಟ್ಟುಕೊಂಡು. ಬಹಳ ವರ್ಷ 10 ನಗರಗಳ ಲೆಕ್ಕವಿತ್ತು, ಕರ್ನಾಟಕದಿಂದ ಬೆಂಗಳೂರು ಒಂದೇ. ಭದ್ರಾವತಿಗೆ ಅದರಿಂದ ಏನೂ ತಿಳಿಯಲ್ಲ.

ಇನ್ನು ನಮ್ಮಲ್ಲಿ ನೋಂದಣಿ ಬೆಲೆ ಅಂದರೆ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹಳೇ ಮನೆ ವ್ಯವಹಾರದಲ್ಲಿ ಎಷ್ಟೋ ಜನ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರಕ್ಕೆ ಹತ್ತಿರ ಬರೆಸುತ್ತಾರೆ, ಉಳಿದದ್ದು ಕೈಯಿಂದ ಕೈಗೆ. 2023 ರ ಅಕ್ಟೋಬರ್ 1 ರಿಂದ ರಾಜ್ಯದಲ್ಲಿ ಮಾರ್ಗಸೂಚಿ ದರ ಏರಿಸಿದರು. ಬರೆಸುವ ಬೆಲೆ ಅವತ್ತೇ ಏರಿತು. ಸೆಪ್ಟೆಂಬರ್ 30 ಕ್ಕೂ ಅಕ್ಟೋಬರ್ 1 ಕ್ಕೂ ಮಧ್ಯೆ ನಿಮ್ಮ ರಾಜಾಜಿನಗರದ ಮನೆಯಲ್ಲಿ ಏನು ಬದಲಾಯಿತು? ಗೋಡೆಗೆ ಸುಣ್ಣ ಹೊಡೆಸಿದಿರಾ?

ಸೂಚ್ಯಂಕ ಸುಳ್ಳು ಅನ್ನುತ್ತಿಲ್ಲ. ಬೆಂಗಳೂರಲ್ಲಿ 2021 ರ ನಂತರ ಏರಿದೆ, ನಾನೇ ಅನುಭವಿಸುತ್ತಿದ್ದೇನೆ. ಆದರೆ ಅದು ಮಾರಾಟ ಆದ ಮನೆಗಳ ಲೆಕ್ಕ. ಆಗದೆ ನಿಂತ ಮನೆ ಯಾವ ಸೂಚ್ಯಂಕದಲ್ಲೂ ಬರಲ್ಲ.

---

ದೇವನಹಳ್ಳಿ ಚಕ್ಕೋತ

ನಮ್ಮ ಕಡೆ ಹೋರ್ಡಿಂಗ್ ಓದಿದರೆ ಎಲ್ಲ ಲೇಔಟೂ ಏರ್‌ಪೋರ್ಟಿಗೆ 15 ನಿಮಿಷ. ಬೆಳಗಿನ ಜಾವ ಮೂರಕ್ಕೆ ಹೊರಟರೆ ನಿಜ.

2008 ರಲ್ಲಿ ವಿಮಾನ ನಿಲ್ದಾಣ ಶುರುವಾದಾಗ ಸೈಟು ತಗೊಂಡವರಲ್ಲಿ ಎಷ್ಟೋ ಜನ ಹತ್ತು ವರ್ಷ ಸುಮ್ನೆ ಕಾದರು. ಏರಿದ್ದು ಆಮೇಲೆ. ನಮ್ಮ ಪಕ್ಕದ ಹಳ್ಳಿಗಳ 1,777 ಎಕರೆ ಸ್ವಾಧೀನ ಕೈಬಿಡುತ್ತೇವೆ ಅಂತ ಸರ್ಕಾರ 2025 ರ ಜುಲೈನಲ್ಲಿ ಹೇಳಿತು. ರೈತರು ಮೂರು ವರ್ಷ ಧರಣಿ ಕೂತ ಮೇಲೆ. ಆವತ್ತು ಸಂಜೆಯೇ ಬ್ರೋಕರ್‌ಗಳ ಫೋನು. ನೆಲ ಉಳಿಸಿಕೊಂಡ ಖುಷಿಗೂ ಬಿಡಲಿಲ್ಲ.

---

ಲೆಕ್ಕದ ಪುಸ್ತಕ

ಹೊಸಮನೆಯವರೇ, ಫ್ಲಾಟ್ ಕೊಳ್ಳುವ ಮುಂಚೆ ಇದಿಷ್ಟು ನೋಡಿಕೊಳ್ಳಿ.

82 ಕ್ಕೆ ಹೋಗಿ 80 ಕ್ಕೆ ಕುದುರಿತು ಅಂತ ಇಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 4 ಲಕ್ಷ. ಅದರ ಮೇಲೆ ಸೆಸ್ಸು, ಸರ್‌ಚಾರ್ಜು 48 ಸಾವಿರ. ನೋಂದಣಿ ಶುಲ್ಕ 2025 ರ ಆಗಸ್ಟ್ 31 ರಿಂದ ಶೇ 1 ಇದ್ದದ್ದು ಶೇ 2 ಆಗಿದೆ, ಅದು 1.6 ಲಕ್ಷ. ಒಟ್ಟು 6 ಲಕ್ಷದ 8 ಸಾವಿರ. ಬ್ಯಾಂಕು ಇದಕ್ಕೆ ಸಾಲ ಕೊಡಲ್ಲ, ಕೈಯಿಂದ ಹಾಕಬೇಕು.

ಬಡ್ಡಿ ಇಳಿದಿದೆ, ನಿಜ. 2025 ರಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಶೇ 6.5 ರಿಂದ 5.25 ಕ್ಕೆ ಬಂತು. 60 ಲಕ್ಷ ಸಾಲ, 20 ವರ್ಷ. ಶೇ 8.5 ಇದ್ದರೆ ಕಂತು 52 ಸಾವಿರ, ಶೇ 7.5 ಆದರೆ 48 ಸಾವಿರದ ಚಿಲ್ಲರೆ. ತಿಂಗಳಿಗೆ 3,700 ಉಳಿಯುತ್ತೆ. ಅದನ್ನು ನೋಡಿ ಮಾರುವವನು ರೇಟು ಏರಿಸುತ್ತಾನೆ. ನಿಮಗೆ ಉಳಿದದ್ದು ಅವನಿಗೆ ಹೋಯಿತು.

ಇ-ಖಾತಾ (ಆಸ್ತಿಯ ಆನ್‌ಲೈನ್ ದಾಖಲೆ) ಇಲ್ಲದೆ ಟೋಕನ್ ಕೊಡಬೇಡಿ. ಒಸಿ, ಅಂದರೆ ಕಟ್ಟಡ ವಾಸಕ್ಕೆ ಸರಿ ಇದೆ ಅನ್ನೋ ಸರ್ಟಿಫಿಕೇಟ್, ಇದೆಯಾ ಅಂತ ಬಾಯಿಮಾತಲ್ಲಿ ಕೇಳಬೇಡಿ, ಕಾಗದ ನೋಡಿ. 2024 ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಒಸಿ ಇಲ್ಲದ ಹೊಸ ಕಟ್ಟಡಗಳಿಗೆ ಕರೆಂಟು ಸಂಪರ್ಕ ಸಿಗದೆ ಬೆಂಗಳೂರಲ್ಲಿ ಎಷ್ಟು ಜನ ಒದ್ದಾಡಿದರು ನೋಡಿದಿರಲ್ಲ. ಒಂದೇ ಬೀದಿಯಲ್ಲಿ ಕಾಗದ ಸರಿ ಇರುವ ಎ ಖಾತಾ ಮನೆಗೂ ಅನುಮತಿಯಲ್ಲಿ ಕೊರತೆ ಇರುವ ಬಿ ಖಾತಾ ಮನೆಗೂ ರೇಟು ಬೇರೆ ಇರೋದು ಸುಮ್ನೆ ಅಲ್ಲ.

ಊರಿನ ಮನೆ ಮಾರಿದ ಲಾಭಕ್ಕೆ ತೆರಿಗೆ ಇದೆ. ಆ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು ಹಾಕಿದರೆ ವಿನಾಯಿತಿ ಸಿಗುತ್ತೆ. ಆಡಿಟರ್ ಹತ್ತಿರ ಒಂದು ಸಲ ಕೂತು ಮಾತಾಡಿ.

---

ರಿಟೈರ್ಡ್ ಮೇಷ್ಟ್ರು

ತಾಯಿಯವರ ಅಭಿಪ್ರಾಯ ಏನು? ಅಣ್ಣ, ಭಾವ ಎಲ್ಲರ ಮಾತು ಬರೆದಿದ್ದೀರಿ. ಅವರದ್ದು ಬರೆಯಲಿಲ್ಲ.

---

ಹೊಸಮನೆಯವ

ಕೇಳಿದ್ದೆ ಮೇಷ್ಟ್ರೇ. "ನನ್ನ ಕೇಳಿ ಕಟ್ಟಿದ್ದಾ?" ಅಂದರು. ಅಷ್ಟೇ.

---

ಹೊಸಮನೆಯವ *(ಮೂರು ವಾರದ ನಂತರ)*

ಎಲ್ಲರಿಗೂ ಥ್ಯಾಂಕ್ಸ್. ಊರಿಗೆ ಹೋಗಿ ಬಂದೆ. ನೀವೆಲ್ಲ ಹೇಳಿದ್ದು ತಲೆಯಲ್ಲಿತ್ತು, ಅದಕ್ಕೆ ಒಂದು ಕೆಲಸ ಮಾಡಿದೆ. ಬ್ರೋಕರ್‌ಗೆ ತಿಳಿಸದೆ ನಮ್ಮ ಬೀದಿ ಮತ್ತು ಹಿಂದಿನ ಬೀದಿ ಪೂರ್ತಿ ನಡೆದೆ. 'ಮನೆ ಮಾರಾಟಕ್ಕಿದೆ' ಬೋರ್ಡು ಏಳು. ಏಳೂ ನಂಬರಿಗೆ ಕೊಳ್ಳುವವನ ಹಾಗೆ ಫೋನ್ ಮಾಡಿದೆ.

ಎರಡು ಸ್ವಿಚ್ ಆಫ್. ಒಂದು ಚಾಲ್ತಿಯಲ್ಲೇ ಇಲ್ಲ. ಒಬ್ಬರು ಹೈದರಾಬಾದಿನಿಂದ ಮಾತಾಡಿದರು, 55 ಅಂದರು, ಬೋರ್ಡು ಹಾಕಿ ಮೂರು ವರ್ಷವಂತೆ. ಇನ್ನೊಬ್ಬರು 40 ಅಂದವರು ನಾನು ಉಸಿರು ಬಿಡುವಷ್ಟರಲ್ಲಿ "ನೀವೆಷ್ಟು ಕೊಡ್ತೀರಿ ಹೇಳಿ" ಅಂದರು. ಆರನೆಯದು ನಮ್ಮದೇ ಮನೆ. ಫೋನು ಬ್ರೋಕರ್‌ಗೆ ಹೋಯಿತು. ಅವನು ನನ್ನ ದನಿ ಗುರುತಿಸಲಿಲ್ಲ. "ಓನರ್ ಬೆಂಗಳೂರಲ್ಲಿದ್ದಾರೆ, 45 ಅಂತಾರೆ, 35 ಕ್ಕೆ ಒಪ್ಪಿಸ್ತೀನಿ ಬನ್ನಿ" ಅಂದ. ನನ್ನ ಮನೆಯ ರೇಟು ನನಗೆ ಗೊತ್ತಾಗಿದ್ದು ಹೀಗೆ.

ಬೀಗ ತೆಗೆದು ಒಳಗೆ ಹೋದೆ. ದೇವರ ಮನೆಯ ಬಾಗಿಲಿಗೆ ಗೆದ್ದಲು ಹತ್ತಿದೆ. ಬೆರಳಿಟ್ಟರೆ ಹಪ್ಪಳದ ಹಾಗೆ ಒಳಗೆ ಹೋಗುತ್ತೆ. ಹಿಂದಿನ ರೂಮಿನ ಮೂಲೆಯಲ್ಲಿ ನೀರು ಇಳಿದ ಗುರುತು, ಹೋದ ಮಳೆಗಾಲದ್ದು. ಆಸ್ಟಿನ್ ಅಕ್ಕ, ಬೀಗ ಹಾಕಿ ಹೋದರೆ ಆಯಿತು ಅಂದಿರಿ. ನಮ್ಮಲ್ಲೂ ತೆರಿಗೆ ಇದೆ, ವಸೂಲಿ ಮಾಡೋದು ಗೆದ್ದಲು.

35 ಕ್ಕೆ ಕೊಡ್ತೀನಿ ಅಂತ ನಾನೇ ಹೇಳಿದ್ದೇನೆ, ಬ್ರೋಕರ್‌ಗೂ, ಅಣ್ಣನಿಗೂ. ಭಾವ ಫೋನ್ ಎತ್ತುತ್ತಿಲ್ಲ. ಕೆಂಗೇರಿ ಫ್ಲಾಟು 82 ರಿಂದ 80 ಕ್ಕೆ ಬಂತು, ಒಸಿ ಕಾಗದ ಇನ್ನೂ ತೋರಿಸಿಲ್ಲ. ತೋರಿಸುವವರೆಗೆ ಟೋಕನ್ ಇಲ್ಲ.

---

ಪ್ಲಾಟ್ ನಂಬರ್ 14

ಏಳು ಬೋರ್ಡು ಅಂದಿರಿ, ಆರರದ್ದೇ ಹೇಳಿದಿರಿ. ಏಳನೆಯದು ಏನಾಯಿತು?

---

ಹೊಸಮನೆಯವ

ಅದು ಎರಡು ವರ್ಷದ ಹಿಂದೆಯೇ ಮಾರಾಟ ಆಗಿದೆ. ಬೋರ್ಡು ತೆಗೆಯೋದು ಮರೆತಿದ್ದಾರೆ. ತಗೊಂಡವರು ಆ ಬೋರ್ಡಿಗೇ ದಾರ ಕಟ್ಟಿ ಟವೆಲ್ ಒಣಗಿಸುತ್ತಾರೆ.

---

ಲೆಕ್ಕದ ಪುಸ್ತಕ

ಅಯ್ಯೋ, ಅದೊಂದೇ ಅಲ್ವಾ ನಿಜವಾದ ರೇಟು! ಎಷ್ಟಕ್ಕೆ ಹೋಯಿತು, ಕೇಳಿದಿರಾ?

---

ಹೊಸಮನೆಯವ

ಕೇಳಿದೆ. "ಬರೆಸಿದ್ದು ಹೇಳಲಾ, ಕೊಟ್ಟಿದ್ದು ಹೇಳಲಾ?" ಅಂದರು. ಎರಡೂ ಹೇಳಿ ಅಂದೆ. ಕಾಫಿ ತಂದುಕೊಟ್ಟರು, ಎರಡೂ ಹೇಳಲಿಲ್ಲ.